ಹತ್ತು ಜನ ಸೇರಬೇಕು

ಪ್ರೀತಿಯ ಗೆಳೆಯ,

ಮುಂಬಯಿ ಪಕ್ಕದ ನಮ್ಮ ಠಾಣೆ ಊರಿನಲ್ಲಿ ಯಹೂದಿಗಳು ಇದ್ದಾರಾ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಆಗ ಪೂರ್ತಿ ಹೇಳಲು ಆಗಲಿಲ್ಲ. ಇದ್ದಾರೆ ಕಣೋ. ಭಾರತದಲ್ಲಿ ಅವರು ಜಾಸ್ತಿ ಉಳಿದಿರುವ ಊರುಗಳಲ್ಲಿ ಇದೂ ಒಂದು. ಟೆಂಭಿ ನಾಕಾದ ಹತ್ತಿರ 1879ರಲ್ಲಿ ಕಟ್ಟಿದ ಸಿನಗಾಗ್, ಅಂದರೆ ಅವರ ಪ್ರಾರ್ಥನಾ ಮಂದಿರ ಇದೆ, ಶಾರ್ ಹಶಮಾಯಿಂ ಅಂತ ಹೆಸರು. ನಮ್ಮ ಕಟ್ಟಡದಲ್ಲೇ ಎರಡು ಮನೆ ಅವರದು. ಬೆನೆ ಇಸ್ರೇಲ್ ಪಂಗಡದವರು. ಮನೆಮಾತು ಮರಾಠಿ. ಅಡ್ಡಹೆಸರುಗಳು ಕೊಂಕಣದ ಹಳ್ಳಿಗಳಿಂದ ಬಂದವು: ಪೆಣ್ಕರ್, ದಿವೇಕರ್, ಕೆಹಿಮ್ಕರ್. ಎಷ್ಟೋ ಕಾಲದ ಹಿಂದೆ ಹಡಗು ಒಡೆದು ಅಲಿಬಾಗ್ ಹತ್ತಿರದ ನವಗಾಂವ್ ದಡ ಸೇರಿದವರ ಮಕ್ಕಳು ನಾವು ಅನ್ನುತ್ತಾರೆ. ಆ ಹಳ್ಳಿಗಳಲ್ಲಿ ಗಾಣದ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಅವರ ವಿಶ್ರಾಂತಿಯ ದಿನ, ಅವತ್ತು ಮಾತ್ರ ಗಾಣ ತಿರುಗುತ್ತಿರಲಿಲ್ಲ. ಅದಕ್ಕೇ ಊರವರು ಅವರನ್ನು ‘ಶನಿವಾರ್ ತೇಲಿ’, ಅಂದರೆ ಶನಿವಾರದ ಗಾಣಿಗರು ಅಂತ ಕರೆದರು.

1948ರ ಹೊತ್ತಿಗೆ ಇವರು ಸುಮಾರು 20,000 ಜನ ಇದ್ದರು. ಇಸ್ರೇಲ್ ದೇಶವಾದ ಮೇಲೆ ಮನೆಮನೆಯಿಂದ ಅಲ್ಲಿಗೆ ಹೋದರು. ಈಗ ಇಲ್ಲಿ ಉಳಿದವರು ಕೆಲವೇ ಸಾವಿರ. ಆ ಲೆಕ್ಕದ ಬಿಸಿ ಏನು ಅಂತ ನನಗೆ ಗೊತ್ತಾಗಿದ್ದು ಪಕ್ಕದ ಮನೆಯವರಿಂದ.

ಅವರ ತಂದೆ ಹೋದ ವರ್ಷ ತೀರಿಕೊಂಡರು. ತಂದೆ ಹೋದ ಮೇಲೆ ಮಗ ಹನ್ನೊಂದು ತಿಂಗಳು ಕದ್ದೀಶ್ ಎಂಬ ಪ್ರಾರ್ಥನೆ ಹೇಳಬೇಕು. ಅದರಲ್ಲಿ ಸಾವಿನ ಮಾತೇ ಇಲ್ಲ, ಉದ್ದಕ್ಕೂ ದೇವರ ಸ್ತುತಿ. ಆದರೆ ಒಬ್ಬರೇ ಮನೆಯಲ್ಲಿ ಕೂತು ಹೇಳುವ ಹಾಗಿಲ್ಲ. ಹದಿಮೂರು ದಾಟಿದ ಹತ್ತು ಯಹೂದಿ ಗಂಡಸರು ಇರಬೇಕು. ಆ ಹತ್ತು ಜನಕ್ಕೆ ಮಿನ್ಯಾನ್ ಅನ್ನುತ್ತಾರೆ. ಅವರಿಲ್ಲದೆ ಕದ್ದೀಶ್ ಇಲ್ಲ, ಅವರ ಧರ್ಮಗ್ರಂಥ ತೋರಾದ ಸುರುಳಿ ತೆಗೆದು ಓದುವುದೂ ಇಲ್ಲ. ಒಂಬತ್ತು ಜನ ಬಂದರೆ ಹತ್ತನೆಯವನಿಗೆ ಕಾಯುತ್ತಾರೆ. ಫೋನು ಹೋಗುತ್ತದೆ: ‘ಎಲ್ಲಿದ್ದೀಯಾ? ಬಾ, ಒಬ್ಬ ಕಮ್ಮಿ.’ ಆಫೀಸಿಗೆ ಹೊರಟವನು ರಿಕ್ಷಾ ತಿರುಗಿಸಿಕೊಂಡು ಬರುತ್ತಾನೆ. ಒಂದು ದಿನ ನಾನೂ ಅವರ ಜೊತೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಒಂಬತ್ತೇ ಜನ. ನಾನು ಅಲ್ಲೇ ಇದ್ದೇನೆ, ಆದರೆ ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಕಾಲೇಜು ಹುಡುಗನೊಬ್ಬ ಬೆನ್ನಿಗೆ ಬ್ಯಾಗ್ ಹಾಕಿಕೊಂಡು, ಜೇಬಿನಿಂದ ಟೋಪಿ ತೆಗೆದು ತಲೆಗಿಟ್ಟುಕೊಳ್ಳುತ್ತಾ ಬಂದ. ಯಾರೂ ಏನೂ ಹೇಳಲಿಲ್ಲ, ಪುಸ್ತಕ ತೆರೆದರು. ಪಕ್ಕದ ಮನೆಯವರು ಎದ್ದು ನಿಂತು ಅಪ್ಪನಿಗಾಗಿ ಹೇಳಬೇಕಾದ್ದನ್ನು ಹೇಳಿದರು. ಉಳಿದ ಒಂಬತ್ತು ಮಂದಿ ‘ಆಮೇನ್’ ಅಂದರು.

ಒಂದು ಸಮುದಾಯ ಬದುಕಿದೆಯಾ ಅಂತ ನೋಡಲು ಇದಕ್ಕಿಂತ ನೇರವಾದ ದಾರಿ ನನಗೆ ಬೇರೆಲ್ಲೂ ಕಂಡಿಲ್ಲ. ನೀನು ಬಂದೆಯೋ ಇಲ್ಲವೋ ಎಂಬುದರ ಮೇಲೆ ಇನ್ನೊಬ್ಬನ ದುಃಖಕ್ಕೆ ಜಾಗ ಸಿಗುತ್ತದೆ, ಇಲ್ಲವೇ ಸಿಗುವುದಿಲ್ಲ.

ನೀನು ಶ್ರೀರಂಗಪಟ್ಟಣದವನಾದ್ದರಿಂದ ಒಂದು ಕತೆ ಹೇಳಲೇಬೇಕು. ಮುಂಬಯಿಯ ಎಲ್ಲಕ್ಕಿಂತ ಹಳೆಯ ಸಿನಗಾಗ್ 1796ರದು. ಹೆಸರು ಶಾರ್ ಹರಹಮೀಮ್. ಕಟ್ಟಿಸಿದವರು ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್, ಊರವರ ಬಾಯಲ್ಲಿ ಸಾಮಾಜಿ ಹಸಾಜಿ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದರು. ಮೈಸೂರು ಯುದ್ಧದಲ್ಲಿ ತಮ್ಮನ ಜೊತೆ ಟಿಪ್ಪುವಿನ ಕೈಗೆ ಸೆರೆ ಸಿಕ್ಕರು. ಸೆರೆಯಾಳುಗಳನ್ನು ವಿಚಾರಿಸುವಾಗ ‘ನಾವು ಬನಿ ಇಸ್ರೇಲ್’ ಅಂದರಂತೆ. ಆ ಹೆಸರು ಕುರಾನಿನಲ್ಲಿದೆ, ಇಂಥವರನ್ನು ಕೊಲ್ಲಬೇಡ ಅಂತ ಟಿಪ್ಪುವಿನ ತಾಯಿ ಹೇಳಿದರಂತೆ. ಇದು ಆ ಜನ ಹೇಳಿಕೊಂಡು ಬಂದ ಕತೆ. ಬದುಕಿ ಮರಳಿದರೆ ಪ್ರಾರ್ಥನಾ ಮಂದಿರ ಕಟ್ಟಿಸುತ್ತೇನೆ ಅಂತ ಹರಕೆ ಹೊತ್ತಿದ್ದರು, ಕಟ್ಟಿಸಿದರು. ಆಮೇಲೆ ತೋರಾ ಸುರುಳಿ ತರಲು ಕೊಚ್ಚಿಗೆ ಹೋದವರು 1797ರಲ್ಲಿ ಅಲ್ಲೇ ತೀರಿಕೊಂಡರು. ಆ ಬೀದಿಗೆ ಇವತ್ತಿಗೂ ಸ್ಯಾಮ್ಯುಯೆಲ್ ಸ್ಟ್ರೀಟ್ ಅಂತಲೇ ಹೆಸರು. ಹಿಂದೆ ಬೆನೆ ಇಸ್ರೇಲಿಗಳು ಸಿನಗಾಗನ್ನು ಮಸೀದಿ ಅಂತಲೇ ಕರೆಯುತ್ತಿದ್ದರು. ಮಸ್ಜಿದ್ ಬಂದರ್ ರೈಲು ನಿಲ್ದಾಣಕ್ಕೆ ಹೆಸರು ಬಂದದ್ದು ಇದರಿಂದಲೇ ಅನ್ನುವವರೂ ಇದ್ದಾರೆ.

ಈಗ ಇಲ್ಲಿ ಹಬ್ಬದ ತಯಾರಿ ಶುರುವಾಗಿದೆ. ಸೆಪ್ಟೆಂಬರ್ 11ರ ಸಂಜೆ, ಸೂರ್ಯ ಮುಳುಗಿದ ಮೇಲೆ ಅವರಿಗೆ ಹೊಸ ವರ್ಷ, 5787. ಅವರ ತಿಂಗಳೂ ಚಂದ್ರನ ಲೆಕ್ಕದ್ದೇ, ಹಾಗಾಗಿ ನಮ್ಮ ಹಬ್ಬಗಳ ಆಸುಪಾಸೇ ಬರುತ್ತದೆ. ಹೋದ ವರ್ಷ ನವರಾತ್ರಿಯ ಮೊದಲ ದಿನದ ಸಂಜೆಗೆ ಬಂದಿತ್ತು. ಈ ಸಲ ಅವರ ಎರಡು ದಿನದ ಹಬ್ಬ ಭಾನುವಾರ ಮುಗಿದರೆ ಸೋಮವಾರ ಗಣೇಶ ಚತುರ್ಥಿ. ನಮ್ಮ ಮೆಟ್ಟಿಲ ಮೇಲೆ ಆ ವಾರ ಎಷ್ಟು ತಟ್ಟೆ ಓಡಾಡುತ್ತವೆ ನೋಡು! ಹೊಸ ವರ್ಷಕ್ಕೆ ಟಗರಿನ ಕೊಂಬು ಊದುತ್ತಾರೆ, ಶೋಫಾರ್ ಅಂತ. ಈ ಸಲ ಮೊದಲ ದಿನ ಶನಿವಾರ, ಸಬ್ಬತ್ ಎಂಬ ಅವರ ವಿಶ್ರಾಂತಿಯ ದಿನ. ಅವತ್ತು ಊದುವುದಿಲ್ಲ, ಭಾನುವಾರ ಕೇಳಬಹುದು.

ಪಕ್ಕದ ಮನೆಯ ಆಜಿ ಆ ಹಬ್ಬಕ್ಕೆ ಚಿಕ್ ಹಲ್ವಾ ಮಾಡುತ್ತಾರೆ. ಗೋಧಿ ನೆನೆಸಿ, ರುಬ್ಬಿ, ಸೋಸಿ ಹಾಲು ತೆಗೆಯಬೇಕು. ಅದಕ್ಕೆ ತೆಂಗಿನ ಹಾಲು, ಸಕ್ಕರೆ. ಹಸುವಿನ ಹಾಲು, ತುಪ್ಪ ಹಾಕುವುದಿಲ್ಲ, ಏಕೆಂದರೆ ಮಾಂಸದ ಊಟದ ಜೊತೆ ಹಾಲಿನದು ತಿನ್ನುವಂತಿಲ್ಲ. ತಳ ಹಿಡಿಯದ ಹಾಗೆ ಗಂಟೆಗಟ್ಟಲೆ ತಿರುಗಿಸುತ್ತಲೇ ಇರಬೇಕು. ಆಜಿಗೆ ಈಗ ತೋಳು ನೋವು. ಸೌಟು ಕೈಯಿಂದ ಕೈಗೆ ಹೋಗುತ್ತದೆ: ಸೊಸೆ, ಮೊಮ್ಮಗ, ನನ್ನ ಹೆಂಡತಿ, ನಾನು. ಆಜಿ ಸ್ಟೂಲ್ ಮೇಲೆ ಕೂತು ‘ನಿಲ್ಲಿಸಬೇಡ, ನಿಲ್ಲಿಸಬೇಡ’ ಅನ್ನುತ್ತಿರುತ್ತಾರೆ.

ಸೆಪ್ಟೆಂಬರ್ 20ರ ಸಂಜೆಯಿಂದ ಮರುದಿನ ಕತ್ತಲಾಗುವವರೆಗೆ ಯೋಮ್ ಕಿಪ್ಪುರ್, ಪ್ರಾಯಶ್ಚಿತ್ತದ ದಿನ. ನೀರೂ ಮುಟ್ಟದ ಉಪವಾಸ, ಎಲ್ಲರೂ ಬಿಳಿ ಬಟ್ಟೆ. ಹಿಂದೆ ಕೊಂಕಣದ ಹಳ್ಳಿಯಲ್ಲಿ ಬಾಗಿಲು ಹಾಕಿಕೊಂಡು ಮನೆಯೊಳಗೇ ಇರುತ್ತಿದ್ದರಂತೆ. ವರ್ಷವಿಡೀ ಕಾಣದವರೂ ಅವತ್ತು ಸಿನಗಾಗಿಗೆ ಬರುತ್ತಾರೆ. ಆಮೇಲೆ ಸುಕ್ಕೋತ್. ಸಿನಗಾಗಿನ ಅಂಗಳದಲ್ಲಿ ಗರಿ ಹೊದಿಸಿದ ಚಪ್ಪರ ಹಾಕಿ, ಹಣ್ಣು ತೂಗುಬಿಟ್ಟು, ಅದರ ಕೆಳಗೆ ಊಟ ಮಾಡುತ್ತಾರೆ. ಅಕ್ಟೋಬರ್ 3ರ ರಾತ್ರಿ ಮತ್ತು 4ರಂದು ಸಿಮ್ಹತ್ ತೋರಾ. ವರ್ಷಪೂರ್ತಿ ವಾರಕ್ಕಿಷ್ಟು ಅಂತ ಓದಿದ ತೋರಾ ಅವತ್ತು ಮುಗಿಯುತ್ತದೆ, ಆ ಕ್ಷಣವೇ ಮೊದಲ ಸಾಲಿನಿಂದ ಮತ್ತೆ ಶುರು. ಸುರುಳಿಗಳನ್ನು ಎದೆಗೆ ಅಪ್ಪಿಕೊಂಡು ಕುಣಿಯುತ್ತಾರೆ. ಅವತ್ತು ಹತ್ತು ಜನಕ್ಕೆ ಯಾರೂ ಕಾಯಬೇಕಾಗಿಲ್ಲ.

ಇವೆಲ್ಲ ಎಲ್ಲ ಯಹೂದಿಗಳಿಗೂ ಇರುವ ಹಬ್ಬ. ಬೆನೆ ಇಸ್ರೇಲಿಗಳದ್ದೇ ಆದದ್ದು ಮಲಿದಾ. ಮದುವೆಗೆ ಮುಂಚೆ, ಹೊಸ ಮನೆಗೆ, ಹರಕೆ ತೀರಿದಾಗ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಮಾಡುತ್ತಾರೆ. ತೆಳು ಅವಲಕ್ಕಿ ನೆನೆಸಿ, ಸಕ್ಕರೆ, ಕಾಯಿತುರಿ, ಏಲಕ್ಕಿ, ದ್ರಾಕ್ಷಿ ಬೆರೆಸಿ ತಟ್ಟೆಯಲ್ಲಿ ಗುಡ್ಡೆ ಹಾಕಿ, ಸುತ್ತ ಹಣ್ಣು ಇಡುತ್ತಾರೆ. ಪ್ರಾರ್ಥನೆ ನಡೆಸುವವರು ಹಜ್ಜಾನ್. ಮರದ ಹಣ್ಣಿಗೆ ಒಂದು ಮಂತ್ರ, ನೆಲದ ಬೆಳೆಗೆ ಇನ್ನೊಂದು. ಬಾಳೆಹಣ್ಣು ಎರಡನೆಯ ಲೆಕ್ಕಕ್ಕೆ, ಬಾಳೆ ಮರವಲ್ಲವಲ್ಲ. ಪಕ್ಕದ ಮನೆಯ ಮಗಳಿಗೆ ನಿಶ್ಚಯವಾಗಿದೆ. ಸುಕ್ಕೋತ್ ಕಳೆದ ಮೇಲೆ ಅವರ ಮನೆಯಲ್ಲಿ ಮಲಿದಾ. ಸ್ನೇಹಿತರನ್ನೂ ಕರೆದುಕೊಂಡು ಬನ್ನಿ ಅಂತ ಅವರೇ ಹೇಳಿದ್ದಾರೆ. ಅದಕ್ಕೆ ನೀನು ಬರಬೇಕು ಕಣೋ.

ಬರುವಾಗ ಮೈಸೂರ್ ಪಾಕ್ ತರಬೇಡ, ಅವರ ಊಟದ ಕಟ್ಟುಪಾಡು ಕಟ್ಟುನಿಟ್ಟು. ಒಳ್ಳೆಯ ನಂಜನಗೂಡು ರಸಬಾಳೆ ಸಿಕ್ಕರೆ ಒಂದು ಚಿಪ್ಪು ತಾ, ತಟ್ಟೆಗೆ ಇಡಬಹುದಾ ಅಂತ ಆಜಿಯನ್ನು ಕೇಳುತ್ತೇನೆ. ಗುರುತಿನ ಚೀಟಿ ಮರೆಯಬೇಡ. 2008ರಲ್ಲಿ ಮುಂಬಯಿಯ ಛಬಾದ್ ಹೌಸ್ ಎಂಬ ಯಹೂದಿ ಕೇಂದ್ರದ ಮೇಲೆ ದಾಳಿ ಆದಾಗಿನಿಂದ ಸಿನಗಾಗಿನ ಬಾಗಿಲಲ್ಲಿ ಪೊಲೀಸರು ಇರುತ್ತಾರೆ, ಕೇಳುತ್ತಾರೆ. ಸ್ಯಾಮ್ಯುಯೆಲ್ ಸ್ಟ್ರೀಟಿಗೆ ವಾರದ ದಿನ ಹೋಗೋಣ. ನಾನು ಮೊದಲೇ ಕೇಳಿ ಅನುಮತಿ ತೆಗೆದುಕೊಂಡಿರುತ್ತೇನೆ. ಅಕ್ಟೋಬರ್‌ನಲ್ಲಿ ಯಾವ ವಾರ ರಜೆ ಸಿಗುತ್ತದೆ ಅಂತ ಈ ಭಾನುವಾರದೊಳಗೆ ತಿಳಿಸು. ಎಷ್ಟು ಜನಕ್ಕೆ ಅವಲಕ್ಕಿ ನೆನೆಸಬೇಕು ಅಂತ ಆಜಿ ಈಗಲೇ ಕೇಳುತ್ತಿದ್ದಾರೆ.

ನಿನ್ನ ಗೆಳೆಯ