ಎರಡು ಮಾತ್ರೆ, ಎಷ್ಟು ದಿನ?

ಸಂಪಾದಕರಿಗೆ,

ಲಕ್ವ ಹೊಡೆದ ಕೂಡಲೇ ಆಸ್ಪತ್ರೆಗೆ ಓಡಿ ಅಂತ ಎಲ್ಲರೂ ಬರೆಯುತ್ತಾರೆ. ಮನೆಗೆ ಬಂದ ಮೇಲಿನ ಕತೆ ಯಾರೂ ಹೇಳುವುದಿಲ್ಲ. ಅದಕ್ಕೇ ಈ ಪತ್ರ.

ನಮ್ಮ ಯಜಮಾನರು ಮುಂಬಯಿ ಫೋರ್ಟಿನ ಒಂದು ಹೋಟೆಲಲ್ಲಿ 30 ವರ್ಷ ಗಲ್ಲೆಯಲ್ಲಿ ಕೂತವರು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಕಾಫಿ ಲೋಟ ಬಲಗೈಯಿಂದ ಜಾರಿತು, ಮಾತು ತೊದಲಿತು. ಮಿದುಳಿನೊಳಗಿನ ಒಂದು ರಕ್ತನಾಳ ಮುಕ್ಕಾಲು ಪಾಲು ಕಿರಿದಾಗಿದೆ ಎಂದರು ಡಾಕ್ಟರು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ಶುರುವಾದವು. ಹತ್ತು ದಿನದಲ್ಲಿ ಮಾತು ಸರಿಹೋಯಿತು.

ಡಿಸ್ಚಾರ್ಜ್ ಪೇಪರಿನಲ್ಲಿ ‘ಡಿಎಪಿಟಿ 90ಡಿ’ ಅಂತಷ್ಟೇ ಇತ್ತು. ನಾನು ಯಾವುದೋ ಟೆಸ್ಟ್ ಇರಬೇಕು ಅಂದುಕೊಂಡೆ. 90 ದಿನ ಎರಡೂ ಮಾತ್ರೆ, ಆಮೇಲೆ ಒಂದೇ ಅಂತ ಅದರ ಅರ್ಥವಂತೆ! ಡೊಂಬಿವಲಿಯ ನಮ್ಮ ಮೆಡಿಕಲ್‌ನವರು ಖಾಲಿ ಸ್ಟ್ರಿಪ್ ನೋಡಿ ಎರಡನ್ನೂ ಕೊಡುತ್ತಾ ಹೋದರು. ಹದಿನಾಲ್ಕು ತಿಂಗಳು. ಕೊನೆಗೆ ಹೊಟ್ಟೆಯೊಳಗೆ ರಕ್ತ ಸೋರಿ ಮಲ ಡಾಂಬರಿನ ಹಾಗೆ ಕಪ್ಪಾಯಿತು, ಹಿಮೋಗ್ಲೋಬಿನ್ 7ಕ್ಕೆ ಇಳಿಯಿತು. ಮತ್ತೆ ಆಸ್ಪತ್ರೆ, ಮೂರು ಬಾಟಲಿ ರಕ್ತ.

ಅಲ್ಲಿನ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು. ಕಿರಿದಾದ ಜಾಗದಲ್ಲಿ ರಕ್ತದ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿ ಹೆಪ್ಪುಗಟ್ಟಿ ನಾಳ ಮುಚ್ಚುತ್ತವೆ. ಈ ಮಾತ್ರೆಗಳು ಆ ಅಂಟುವುದನ್ನು ತಡೆಯುತ್ತವೆ. ನಾವು ಸುಮ್ನೆ ‘ರಕ್ತ ತೆಳು ಮಾಡೋ ಮಾತ್ರೆ’ ಅನ್ನುತ್ತೇವೆ. ಇನ್ನೊಂದು ಸ್ಟ್ರೋಕ್ ಆಗುವ ಭಯ ಮೊದಲ ವಾರಗಳಲ್ಲೇ ಜಾಸ್ತಿ, ಆಗ ಎರಡು ಬೇಕು. ಆಮೇಲೆ ಎರಡನೆಯದರ ಲಾಭ ಕಮ್ಮಿ, ರಕ್ತಸ್ರಾವದ ಅಪಾಯ ಮಾತ್ರ ಹಾಗೇ ಇರುತ್ತದೆ.

ನಾಳ ಅಗಲಿಸುವ ಸ್ಟೆಂಟ್ ಹಾಕಿಸಿಬಿಡೋಣ, ಮಾತ್ರೆ ಗೋಜೇ ಬೇಡ ಅಂತ ನಮ್ಮ ಅಳಿಯಂದಿರ ವಾದ. ಅದಕ್ಕೂ ಡಾಕ್ಟರಮ್ಮನಲ್ಲಿ ಉತ್ತರವಿತ್ತು. ಮಿದುಳಿನ ನಾಳ ಹೀಗೆ ಕಿರಿದಾದ 451 ಜನರ ಮೇಲೆ ಅಮೆರಿಕದಲ್ಲಿ ಸ್ಯಾಂಪ್ರಿಸ್ ಎಂಬ ಅಧ್ಯಯನ ನಡೆದು, 2011ರಲ್ಲಿ ಪ್ರಕಟವಾಯಿತು. ಸ್ಟೆಂಟ್ ಹಾಕಿದವರಲ್ಲಿ 30 ದಿನದೊಳಗೆ ಸ್ಟ್ರೋಕ್ ಅಥವಾ ಸಾವು ಶೇ 14.7. ಬರೀ ಮಾತ್ರೆ, ಬಿಪಿ, ಕೊಲೆಸ್ಟರಾಲ್ ಹತೋಟಿಯಲ್ಲಿದ್ದವರಲ್ಲಿ ಶೇ 5.8. ಅಲ್ಲಿ ಎರಡು ಮಾತ್ರೆ ಕೊಟ್ಟಿದ್ದೂ 90 ದಿನವೇ. ಅಳಿಯಂದಿರು ಸುಮ್ಮನಾದರು.

ಉಲ್ಟಾ ಕತೆಯೂ ಇದೆ. ಪಕ್ಕದ ವಿಂಗಿನ ಒಬ್ಬರು ಹಲ್ಲು ಕೀಳಿಸಲು ಆಸ್ಪಿರಿನ್ ತಾವೇ ನಿಲ್ಲಿಸಿದರು. ವಾರದಲ್ಲಿ ಎರಡನೇ ಸ್ಟ್ರೋಕ್. ಅದರಿಂದಲೇ ಆಯಿತು ಅಂತ ನಾನು ಹೇಳಲಾರೆ. ಆದರೆ ಹಲ್ಲು ಕೀಳಲು ಸಾಮಾನ್ಯವಾಗಿ ಆಸ್ಪಿರಿನ್ ಬಿಡಬೇಕಿಲ್ಲವಂತೆ, ಕೇಳಬಹುದಿತ್ತು ಅಲ್ವಾ?

ಆಸ್ಪತ್ರೆಯವರಲ್ಲಿ ನನ್ನದು ಒಂದೇ ವಿನಂತಿ. ‘ಈ ಮಾತ್ರೆ ಇಂಥ ತಾರೀಖಿಗೆ ನಿಲ್ಲಿಸಿ, ಇದನ್ನು ನಮ್ಮನ್ನು ಕೇಳದೆ ನಿಲ್ಲಿಸಬೇಡಿ’ ಎಂದು ಪೇಪರಿನಲ್ಲಿ ಬಿಡಿಸಿ ಬರೆಯಿರಿ. ಮುಂಬಯಿಯಲ್ಲಿ ಕನ್ನಡ ಕೇಳುವುದು ದುರಾಸೆ. ಮರಾಠಿಯಲ್ಲಿ ಬರೆದರೂ ಓದಿಕೊಳ್ಳುತ್ತೇವೆ.

— ಒಬ್ಬ ಓದುಗಿ, ಡೊಂಬಿವಲಿ