ಅಪ್ಪನ ಹಾಗೇ ಆಗುತ್ತಾ ಅಂತ ಕೇಳಿದೆಯಲ್ಲ

ಪುಟ್ಟೀ,

ನಿನ್ನ ಪತ್ರದ ಕೊನೆಯ ಸಾಲನ್ನು ನಾಲ್ಕು ಸಲ ಓದಿದೆ. "ನಂಗೂ ಅಪ್ಪನ ಹಾಗೇ ಆಗುತ್ತಾ ಚಿಕ್ಕಪ್ಪಾ?" ಮನೆ ಸಾಲ, ಮಗನ ಸ್ಕೂಲು, ಅದೆಲ್ಲ ಆಮೇಲೆ ಮಾತಾಡೋಣ. ರಾತ್ರಿಯೆಲ್ಲ ಈ ಸಾಲೇ ತಲೆಯಲ್ಲಿತ್ತು.

ರಕ್ತನಾಳ ಗಟ್ಟಿಯಾಗಿದೆ, ಕಿಡ್ನಿ ಮೇಲೆ ಕಣ್ಣಿಡಬೇಕು ಅಂತ ಡಾಕ್ಟರು ಹೇಳಿದ್ದು ಅರ್ಥ ಆಗಲಿಲ್ಲ ಅಂದೆ. ಅಣ್ಣನ ಜೊತೆ ಆಸ್ಪತ್ರೆ ಬೆಂಚಿನ ಮೇಲೆ ಕೂತು ಕಲಿತದ್ದನ್ನು ಹೇಳುತ್ತೇನೆ. ನಮ್ಮ ತೋಟದ ಪಂಪು ನೆನಪಿದೆ ಅಲ್ವಾ? ಹೊಸ ರಬ್ಬರ್ ಪೈಪಾದರೆ ಪಂಪು ಹಾಕಿದ ಕೂಡಲೇ ಸ್ವಲ್ಪ ಉಬ್ಬಿ ಆ ಹೊಡೆತವನ್ನು ತಾನೇ ನುಂಗುತ್ತದೆ. ಬಿಸಿಲಿಗೆ ಒಣಗಿ ಗಟ್ಟಿಯಾದದ್ದು ಉಬ್ಬುವುದಿಲ್ಲ, ಹೊಡೆತ ನೇರ ತುದಿಗೇ ಹೋಗಿ ಬಡಿಯುತ್ತದೆ. ಹೃದಯದಿಂದ ಹೊರಡುವ ದೊಡ್ಡ ನಾಳವೂ ಹಾಗೇ, ಅಲ್ಲಿ ದಿನಕ್ಕೆ ಸುಮಾರು 1 ಲಕ್ಷ ಹೊಡೆತ. ಹೃದಯ ತಳ್ಳುವ ರಕ್ತದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಕಿಡ್ನಿಗೇ ಹೋಗುತ್ತದೆ, ಅಲ್ಲಿನ ನಾಳಗಳಲ್ಲಿ ತಡೆಯೂ ಕಡಿಮೆ, ಹಾಗಾಗಿ ಹೊಡೆತ ಒಳಗಿನವರೆಗೂ ಹೋಗುತ್ತದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸಣ್ಣ ಜರಡಿಗಳಿವೆ, ಪೆಟ್ಟು ತಿಂದವು ಪ್ರೋಟೀನ್ ಸೋರಿಸುತ್ತವೆ. ಕಿಡ್ನಿ ಸೋತರೆ ಕ್ಯಾಲ್ಸಿಯಂ ಹೋಗಿ ನಾಳದ ಗೋಡೆಯಲ್ಲೇ ಕೂರುತ್ತದೆ, ನಾಳ ಇನ್ನೂ ಗಟ್ಟಿಯಾಗುತ್ತದೆ. ನಿನ್ನ ಬಿಪಿ 156/78ರಲ್ಲಿ ಡಾಕ್ಟರು ನೋಡಿದ್ದು ಆ ಎರಡು ಅಂಕಿಗಳ ನಡುವಿನ ಅಂತರವನ್ನೂ. ಅದು 40ರ ಆಸುಪಾಸು ಇರಬೇಕಿತ್ತು, ನಿನಗೆ 78 ಇದೆ.

ಅಪ್ಪನ ಹಾಗೇ ಆಗುತ್ತಾ. ಇದಕ್ಕೆ ಉತ್ತರ ಹೇಳುವ ಮೊದಲು ನಿನಗೆ ಯಾರೂ ಹೇಳದ ಒಂದು ವಿಷಯ ಇದೆ. ಅಣ್ಣ ಬಿಪಿ ಮಾತ್ರೆ ಬಿಟ್ಟದ್ದು ನನ್ನ ಮಾತು ಕೇಳಿ. ಅಡಿಕೆ ಕೊಯ್ಲಿನ ದಿನ, ಅಂಗಳದಲ್ಲಿ ರಾಶಿ ಮುಂದೆ ಕೂತು, "ತಲೆನೋವಿಲ್ಲ, ಸುಸ್ತಿಲ್ಲ, ಸುಮ್ನೆ ಯಾಕೆ ನುಂಗ್ತೀಯ" ಅಂದವನು ನಾನು. ಅವನ ಮಂಡಿನೋವಿಗೆ ವರ್ಷಗಟ್ಟಲೆ ಅಂಗಡಿಯಿಂದ ನೋವಿನ ಮಾತ್ರೆ ತಂದುಕೊಟ್ಟವನೂ ನಾನೇ. ಅದು ಕಿಡ್ನಿಗೆ ಎಷ್ಟು ಕೆಟ್ಟದ್ದು ಅಂತ ಆಮೇಲೆ ತಿಳಿಯಿತು. ಮೂತ್ರ ಆಗಷ್ಟೇ ಕರೆದ ಹಾಲಿನ ಹಾಗೆ ನೊರೆ ನಿಲ್ಲುತ್ತೆ ಅಂತ ಒಮ್ಮೆ ಹೇಳಿದ್ದ, ಉಷ್ಣ ಇರಬೇಕು, ಎಳನೀರು ಕುಡಿ ಅಂದೆ. ಡಯಾಲಿಸಿಸ್‌ಗೆ ಅವನ ಕೈಯಲ್ಲಿ ನಾಳ ಜೋಡಿಸಿದ್ದರಲ್ಲ, ಅಲ್ಲಿ ಮುಟ್ಟಿದರೆ ಒಳಗೆ ಜೇನುಹುಳ ಸಿಕ್ಕಿಕೊಂಡ ಹಾಗೆ ಝುಂ ಅನ್ನುತ್ತಿತ್ತು. ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಹೋಗುವಾಗ ಅದರ ಮೇಲೆ ಕೈ ಇಟ್ಟು ಕೂರುತ್ತಿದ್ದೆ. ಕ್ಷಮಿಸು ಅಂತ ಒಂದು ದಿನವೂ ಹೇಳಲಿಲ್ಲ.

ಆಗೋದೇ ಇಲ್ಲ ಅಂತ ಆಣೆ ಇಡಲಾರೆ ಪುಟ್ಟೀ. ಆದರೆ ಅಣ್ಣನದು ನಮಗೆ ಗೊತ್ತಾದದ್ದು ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ, ಏರಿದ ಮೇಲೆ. ಅದು ಏರುವ ಹೊತ್ತಿಗೆ ಕಿಡ್ನಿಗಳ ಅರ್ಧ ಶಕ್ತಿ ಹೋಗಿರುತ್ತದೆ. ನಿನ್ನದು ಇನ್ನೂ 0.9. ಮೂತ್ರದಲ್ಲಿ ಆಲ್ಬುಮಿನ್, ಅದೇ ಸೋರುವ ಪ್ರೋಟೀನ್, 48, 30ರೊಳಗೆ ಇರಬೇಕಿತ್ತು ನಿಜ, ಆದರೂ ಸಣ್ಣ ಸೋರಿಕೆ ಇರುವಾಗಲೇ ಸಿಕ್ಕಿದೆ. ಬಿಪಿ ಇಳಿದರೆ ಈ ಸೋರಿಕೆ ಕಡಿಮೆಯಾಗುತ್ತದೆ. ಜ್ವರ ಬಂದರೂ ಒಮ್ಮೊಮ್ಮೆ ಏರುತ್ತಂತೆ, ಮೂರು ತಿಂಗಳೊಳಗೆ ಇನ್ನೊಮ್ಮೆ ಮಾಡಿಸು.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ, ನಿನ್ನ ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಬಿಡಬೇಡ. ಶುರುವಿನಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಬಹುದು, ಗಾಬರಿಯಾಗಿ ನೀನೇ ನಿಲ್ಲಿಸದೆ ಡಾಕ್ಟರಿಗೆ ತೋರಿಸು. ಇನ್ನೊಂದು ಮಗುವಿನ ಯೋಚನೆ ಇದ್ದರೆ ಅದನ್ನೂ ಮೊದಲೇ ಹೇಳು, ಬಸುರಿಯರಿಗೆ ಆ ಮಾತ್ರೆ ಆಗುವುದಿಲ್ಲ. ಇದನ್ನು ನಿನ್ನ ಚಿಕ್ಕಮ್ಮ ಬರೆಯಬೇಕಿತ್ತು. ತಲೆನೋವಿಗೆ ಸಿಕ್ಕಿದ್ದನ್ನು ನುಂಗಬೇಡ.

ಶನಿವಾರ ಬರುತ್ತೇನೆ, ಬಿಪಿ ಮಷೀನು ತರುತ್ತೇನೆ. ದಿನಕ್ಕೆ ಉಪ್ಪು ಎಲ್ಲ ಸೇರಿ 5 ಗ್ರಾಂ ದಾಟಬಾರದಂತೆ, ಒಂದು ಟೀ ಚಮಚ. ಚಿಕ್ಕಮ್ಮ ನಿನಗೆ ಅಂತ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಕಟ್ಟಿಟ್ಟಿದ್ದಳು. ಬೆಳಿಗ್ಗೆ ಚೀಲದಿಂದ ತೆಗೆದು ಮತ್ತೆ ಅಟ್ಟದ ಮೇಲೆ ಇಟ್ಟೆ. ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಚಿಕ್ಕಪ್ಪ