ಅಂಕೋರ್‌ನಲ್ಲಿ ಹೇಳುವವರಿದ್ದಾರೆ, ಲಕ್ಕುಂಡಿಯಲ್ಲಿ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಪ್ರವಾಸ ಪುಟವನ್ನು ತಪ್ಪದೆ ಓದುತ್ತೇನೆ. ದುಬೈ, ಸಿಂಗಾಪುರ, ಬ್ಯಾಂಕಾಕ್ ಮೇಲಿಂದ ಮೇಲೆ ಬರುತ್ತವೆ. ಯಾವ ಹೋಟೆಲು, ಏನು ಖರೀದಿ, ವೀಸಾ ಹೇಗೆ, ಎಲ್ಲ ಇರುತ್ತದೆ. ಹೋಗಿ ಬಂದವರು ತಮ್ಮ ಊರನ್ನು ತಿರುಗಿ ನೋಡಿದ ಬರಹ ಮಾತ್ರ ಅಪರೂಪ. ನಾನು ಕಾಂಬೋಡಿಯಾದ ಅಂಕೋರ್ ವಾಟ್ ಗುಡಿ ನೋಡಿ ಬಂದಾಗಿನಿಂದ ಗದಗಿನ ಹತ್ತಿರದ ನಮ್ಮ ಲಕ್ಕುಂಡಿಯ ಗುಡಿಗಳ ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದರೆ ಕತ್ತರಿ ಹಾಕಿಕೊಳ್ಳಿ.

ನಾನು ಬೆಟಗೇರಿಯವನು, ನೇಕಾರರ ಮನೆಯವನು. ಅಪ್ಪನ ಕಾಲಕ್ಕೆ ಮನೆಯಲ್ಲೇ ಮಗ್ಗ ಇತ್ತು, ಈಗ ಸೀರೆ ಅಂಗಡಿ ಇದೆ. ಇಂಥವನು ಗುಡಿ ನೋಡಲು ಅಷ್ಟು ದೂರ ಯಾಕೆ ಹೋದ ಅಂತ ಬೀಗರೆಲ್ಲ ಕೇಳಿದರು. 'ಕಾಶಿಗೆ ಹೋಗ್ಬೇಕಿತ್ತಲ್ರೀ' ಅಂದರು. ಕಾರಣ ಒಂದು ಫೋಟೋ. ಮಗ ಫೋನಿನಲ್ಲಿ ತೋರಿಸಿದ್ದ. ಗೋಡೆಯ ಮೇಲೆ ಕೆತ್ತಿದ ಒಬ್ಬ ಹೆಣ್ಣುಮಗಳು. ಅವಳು ಉಟ್ಟ ಬಟ್ಟೆಯ ಬುಟ್ಟಾಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಸೊಂಟದ ಪಟ್ಟಿಯ ತುದಿ ಎರಡೂ ಕಡೆ ಗರಿಗರಿಯಾಗಿ ಚಾಚಿಕೊಂಡಿತ್ತು, ಈಗ ತಾನೇ ಗಂಜಿ ಹಾಕಿದ ಹಾಗೆ. ಕಲ್ಲಿನಲ್ಲಿ ಬಟ್ಟೆಯನ್ನು ಹೀಗೆ ಮಾಡಿದವನು ಮಗ್ಗದ ಹತ್ತಿರ ಕೂತು ನೋಡಿರಲೇಬೇಕು ಅನ್ನಿಸಿತು. ಹುಬ್ಬಳ್ಳಿಯ ಒಂದು ಟೂರ್‌ನವರ ಜೊತೆ ನಾನೂ ನಮ್ಮ ಮನೆಯವರೂ ಹೊರಟೆವು. ಟೂರ್‌ನವರ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಶಾಕಾಹಾರಿ ಊಟಕ್ಕೆ ಚಿಂತೆ ಬೇಡ ಅಂದಿದ್ದರು. ಅನ್ನ ಸಿಕ್ಕಿತು. ಉಳಿದದ್ದಕ್ಕೆ ಮನೆಯಿಂದ ಒಯ್ದ ಶೇಂಗಾ ಚಟ್ನಿ ಇತ್ತು.

ಇಳಿದುಕೊಳ್ಳುವುದು ಸಿಯೆಮ್ ರೀಪ್ ಎಂಬ ಊರಿನಲ್ಲಿ. ಗುಡಿಗಳ ಕಡೆ ಹೋಗುವ ಮುಂಚೆ ಟಿಕೆಟ್ ಮಾಡಿಸಬೇಕು. ಕಿಟಕಿಯ ಮುಂದೆ ನಿಂತರೆ ಅಲ್ಲೇ ಫೋಟೋ ತೆಗೆದು, ನಮ್ಮ ಮುಖ ಅಚ್ಚಾದ ಟಿಕೆಟ್ ಕೊಡುತ್ತಾರೆ. ಒಂದು ದಿನಕ್ಕೆ 37 ಡಾಲರ್, 3 ದಿನಕ್ಕೆ 62, ಒಂದು ವಾರಕ್ಕೆ 72. ಒಬ್ಬರಿಗೆ ಒಂದು ದಿನಕ್ಕೇ ಮೂರು ಸಾವಿರ ರೂಪಾಯಿಗಿಂತ ಜಾಸ್ತಿ! ಎದೆ ಧಸಕ್ಕೆಂದಿತು, ಸುಳ್ಳು ಯಾಕೆ ಹೇಳಲಿ. ಆದರೆ ಪ್ರತಿ ಟಿಕೆಟ್ಟಿನಲ್ಲಿ 2 ಡಾಲರ್ ಕಂಥಾ ಬೋಫಾ ಎಂಬ ಮಕ್ಕಳ ಆಸ್ಪತ್ರೆಗೆ ಹೋಗುತ್ತದಂತೆ. ಅಲ್ಲಿ ಮಕ್ಕಳಿಗೆ ಪುಕ್ಕಟೆ ಚಿಕಿತ್ಸೆ. ಗುಡಿ ನೋಡಲು ಬಂದವರ ದುಡ್ಡಿನಲ್ಲಿ ಒಂದು ಪಾಲು ಆ ದೇಶದ ಮಕ್ಕಳಿಗೆ. ಈ ಲೆಕ್ಕ ನನಗೆ ಹಿಡಿಸಿತು.

ನಮಗೆ ಗೈಡ್ ಆಗಿ ಬಂದವನು ಆ ಕಡೆಯ ಹಳ್ಳಿಯ ಹುಡುಗ. ಅಲ್ಲಿ ಗೈಡ್ ಆಗಲು ಸರ್ಕಾರದ ಲೈಸೆನ್ಸ್ ಬೇಕು. ಒಂದೇ ನಮೂನೆಯ ಅಂಗಿ, ಎದೆಗೆ ಗುರುತಿನ ಬಿಲ್ಲೆ. ಕೆಲವರು ಫ್ರೆಂಚ್, ಕೆಲವರು ಜಪಾನಿ, ಚೀನಿ ಭಾಷೆ ಕಲಿತಿರುತ್ತಾರೆ. ಇವನದು ಇಂಗ್ಲಿಷ್, ನಮ್ಮದು ಅರೆಬರೆ ಇಂಗ್ಲಿಷ್. ಆದರೂ ನಡೆಯಿತು, ಯಾಕೆಂದರೆ ಕಥೆ ನಮಗೆ ಗೊತ್ತಿದ್ದದ್ದೇ ಅಲ್ವಾ.

ಎರಡನೇ ಸೂರ್ಯವರ್ಮ ಎಂಬ ರಾಜ 12ನೇ ಶತಮಾನದಲ್ಲಿ ವಿಷ್ಣುವಿಗಾಗಿ ಕಟ್ಟಿಸಿದ ಗುಡಿ ಅದು. ಆಮೇಲೆ ಬೌದ್ಧರದಾಯಿತು. ಈಗಲೂ ಕಾವಿ ಬಟ್ಟೆಯ ಭಿಕ್ಷುಗಳು ಓಡಾಡಿಕೊಂಡಿರುತ್ತಾರೆ. ಸುತ್ತ 190 ಮೀಟರ್ ಅಗಲದ ಕಂದಕ, ತುಂಬ ನೀರು. ಒಳಗೆ ಹೋದರೆ ಉದ್ದುದ್ದ ಪಡಸಾಲೆಗಳು, ಅವುಗಳ ಗೋಡೆಯ ತುಂಬ ಕೆತ್ತನೆ. ಪಶ್ಚಿಮದ ಪಡಸಾಲೆಯಲ್ಲಿ ಬಲಕ್ಕೆ ತಿರುಗಿದರೆ ಕುರುಕ್ಷೇತ್ರ. ಸುಮಾರು 50 ಮೀಟರ್ ಉದ್ದದ ಗೋಡೆ ಪೂರ್ತಿ ಯುದ್ಧ. ಎಡಗಡೆಯಿಂದ ಕೌರವರ ಸೇನೆ, ಬಲಗಡೆಯಿಂದ ಪಾಂಡವರದ್ದು. ಎರಡೂ ತುದಿಯಲ್ಲಿ ಕಾಲಾಳುಗಳು ಸಾಲಾಗಿ, ಶಿಸ್ತಾಗಿ ನಡೆದು ಬರುತ್ತಾರೆ. ನಡುವಿಗೆ ಬಂದ ಹಾಗೆ ಸಾಲು ಮುರಿಯುತ್ತದೆ. ಆನೆ, ರಥ, ಬಿದ್ದ ಕುದುರೆ, ಕೈಕೈ ಮಿಲಾಯಿಸಿದ ಜನ. ಮೈತುಂಬ ಬಾಣ ಚುಚ್ಚಿಕೊಂಡು ಮಲಗಿದ ಭೀಷ್ಮ ಇದ್ದಾನೆ. ಅರ್ಜುನನ ರಥ ಹೊಡೆಯುವ ಕೃಷ್ಣನಿಗೆ ನಾಲ್ಕು ಕೈ.

ನಾವು ಗದಗಿನವರು. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಕೂತು ಬರೆದ ಎನ್ನುವ ಕಂಬವನ್ನು ಚಿಕ್ಕಂದಿನಿಂದ ನೋಡಿದವರು. ಭೀಷ್ಮನನ್ನು ನಮಗೆ ಯಾರೂ ತೋರಿಸಬೇಕಾಗಿರಲಿಲ್ಲ. ನಮ್ಮ ಮನೆಯವರೇ ಮೊದಲು ಗುರುತು ಹಿಡಿದು, 'ಏನ್ರೀ, ಇಲ್ಲಿ ನೋಡ್ರೀ ಭೀಷ್ಮಾಚಾರ್ಯರು' ಅಂದರು. ಗೈಡ್ ಹುಡುಗ ಖುಷಿಯಾಗಿಬಿಟ್ಟ. ಆಮೇಲೆ ನಮ್ಮನ್ನು ಅವಸರ ಮಾಡಲೇ ಇಲ್ಲ. ಪೂರ್ವದ ಪಡಸಾಲೆಯಲ್ಲಿ ಸಮುದ್ರ ಮಥನ ಇದೆ. ವಾಸುಕಿಯನ್ನು ಹಿಡಿದು ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು ಎಳೆಯುತ್ತಾರೆ. ಅಷ್ಟನ್ನು ಯಾರಾದರೂ ಹೇಳುತ್ತಾರೆ. ಅವನು ನಮ್ಮನ್ನು ಕೆಳಗೆ ಬಗ್ಗಿಸಿ ನೀರಿನೊಳಗಿನದನ್ನು ತೋರಿಸಿದ. ಕಡೆಯುವ ರಭಸಕ್ಕೆ ಸಿಕ್ಕು ಮೀನು, ಮೊಸಳೆಗಳು ತುಂಡಾಗಿ ತೇಲುತ್ತಿವೆ! ದೂರಕ್ಕೆ ಪೂರ್ತಿಯಾಗಿ ಕಂಡ ಮೀನುಗಳು ಮಂದರದ ಹತ್ತಿರ ಬರುತ್ತ ಅರ್ಧರ್ಧ ಆಗುತ್ತವೆ. ಅವನು ಹೇಳದಿದ್ದರೆ ನಾನು ನೂರು ಸಲ ಹೋದರೂ ಅದನ್ನು ನೋಡುತ್ತಿರಲಿಲ್ಲ.

ನಾನು ಸೀರೆ ಅಂಗಡಿಯವನು ಅಂತ ಗೊತ್ತಾದ ಮೇಲೆ ಅವನು ಬಾಗಿಲುಗಳ ಪಕ್ಕದ ಗೋಡೆಗಳಿಗೆ ಕರೆದುಕೊಂಡು ಹೋದ. ಕಲ್ಲಿನ ಮೇಲೆ ತೀರ ಮೇಲುಮೇಲೆ ಕೆತ್ತಿದ ಉಂಗುರಗಳು. ಪ್ರತಿ ಉಂಗುರದೊಳಗೆ ಒಂದು ಹೂ, ಬಳ್ಳಿ ಅಥವಾ ಚಿಕ್ಕ ಪ್ರಾಣಿ. ಗೋಡೆಗೆ ಜರಿ ಬಟ್ಟೆ ಇಳಿಬಿಟ್ಟಿದ್ದಾರೆ ಅಂತಲೇ ಕಣ್ಣಿಗೆ ಕಾಣುತ್ತದೆ. ಒಂದೇ ನಮೂನೆ ಸಾಲುಸಾಲಾಗಿ ಮರಳಿ ಬರುವುದು ಮಗ್ಗದ ಲೆಕ್ಕ, ಉಳಿಯ ಲೆಕ್ಕವಲ್ಲ. ನಾನು ಅಲ್ಲಿಂದ ಏಳಲೇ ಇಲ್ಲ. ಅಷ್ಟರಲ್ಲಿ ನಮ್ಮ ಮನೆಯವರು ಮೇಲಿನ ಗೋಪುರಕ್ಕೆ ಹತ್ತಿ ಇಳಿದು ಬಂದಿದ್ದರು. ಅಲ್ಲಿ ಭುಜ, ಮೊಣಕಾಲು ಮುಚ್ಚದೆ ಬಂದವರನ್ನು ಮುಲಾಜಿಲ್ಲದೆ ವಾಪಸ್ ಕಳಿಸುತ್ತಾರೆ. ನಮ್ಮವರದು ಸೀರೆ, ಯಾರೂ ಕೇಳಲಿಲ್ಲ.

ಝೌ ದಾಗುವಾನ್ ಎಂಬವನು ಚೀನಾದ ರಾಯಭಾರಿಗಳ ತಂಡದ ಜೊತೆ 1296ರಲ್ಲಿ ಅಂಕೋರ್‌ಗೆ ಬಂದು ಸುಮಾರು ಒಂದು ವರ್ಷ ಇದ್ದ. ಕಂಡದ್ದನ್ನೆಲ್ಲ ಬರೆದಿಟ್ಟ. ಅಲ್ಲಿಯ ಜನ ಸಯಾಂ (ಈಗಿನ ಥಾಯ್ಲೆಂಡ್) ಮತ್ತು ಚಂಪಾ (ಈಗಿನ ವಿಯೆಟ್ನಾಂ ಕಡೆಯ) ರಾಜ್ಯದ ಬಟ್ಟೆ ತರಿಸುತ್ತಿದ್ದರು, ಆದರೆ ಪಶ್ಚಿಮ ಸಮುದ್ರದ ಕಡೆಯಿಂದ ಬಂದದ್ದಕ್ಕೇ ಹೆಚ್ಚು ಮರ್ಯಾದೆ ಅಂತ ಬರೆದಿದ್ದಾನೆ. ಪಶ್ಚಿಮ ಸಮುದ್ರ ಅಂದರೆ ಭಾರತದ ಕಡೆ ಅಂತ ತಿಳಿದವರು ಹೇಳುತ್ತಾರೆ. ನಮ್ಮ ನಾಡಿನ ನೂಲೇ ಅದು ಅಂತ ಜಂಬ ಕೊಚ್ಚಿಕೊಳ್ಳಲು ಆಧಾರವಿಲ್ಲ. ಆದರೂ ಏಳುನೂರು ವರ್ಷದ ಹಿಂದೆ ನಮ್ಮ ದೇಶದ ಯಾರೋ ನೇಕಾರನ ಬಟ್ಟೆಯನ್ನು ಅಲ್ಲಿಯ ಹೆಂಗಸರು ಆರಿಸಿ ಉಡುತ್ತಿದ್ದರು ಅಂದರೆ, ಅಂಗಡಿಯವನಿಗೆ ಖುಷಿ ಆಗಲ್ವಾ?

ತಾ ಪ್ರೋಮ್ ಅಂತ ಇನ್ನೊಂದು ಗುಡಿ ಇದೆ. ಗೋಡೆಗಳ ಮೇಲೆ ದೈತ್ಯ ಮರಗಳ ಬೇರು ಇಳಿದ ಫೋಟೋ ನೀವೂ ನೋಡಿರುತ್ತೀರಿ. ಅಲ್ಲಿ 2004ರಿಂದ ದುರಸ್ತಿ ಕೆಲಸ ನಡೆಸಿದ್ದು ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರೇ. ಅದಕ್ಕೂ ಮುಂಚೆ, 1986ರಿಂದ 1993ರವರೆಗೆ, ಅಂಕೋರ್ ವಾಟ್‌ನಲ್ಲೂ ಅವರೇ ಕೆಲಸ ಮಾಡಿದ್ದರು. ಆ ದೇಶ ಯುದ್ಧದಿಂದ ಇನ್ನೂ ಸುಧಾರಿಸಿಕೊಂಡಿರದ ಕಾಲ ಅದು. ತಾ ಪ್ರೋಮ್‌ಗೆ ಹೋಗುವ ದಾರಿಯಲ್ಲಿ ನೆಲಬಾಂಬಿಗೆ ಕೈಕಾಲು ಕಳೆದುಕೊಂಡವರು ಸಾಲಾಗಿ ಕೂತು ವಾದ್ಯ ನುಡಿಸುತ್ತಿರುತ್ತಾರೆ. ಇಷ್ಟೆಲ್ಲ ಅನುಭವಿಸಿದ ಜನ ತಮ್ಮ ಗುಡಿಯ ಕಥೆಯನ್ನು ಬಂದವರಿಗೆ ಹೇಳುವ ವ್ಯವಸ್ಥೆ ಮಾಡಿಕೊಂಡಿದ್ದಾರೆ.

ಈಗ ಲಕ್ಕುಂಡಿಗೆ ಬರುತ್ತೇನೆ. ಗದಗಿನಿಂದ ಹನ್ನೆರಡು ಕಿಲೋಮೀಟರ್. ನೂರೊಂದು ಗುಡಿ, ನೂರೊಂದು ಬಾವಿ ಅಂತ ಜನ ಹೇಳುವ ಊರು. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಎಂಬ ಜೈನ ಬಸದಿ 1007ರದ್ದು. ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ಅಂದರೆ ನಮ್ಮದು ನೂರು ವರ್ಷಕ್ಕೂ ಹಿರಿಯದು. ನಮ್ಮ ಅಕ್ಕನನ್ನು ಕೊಟ್ಟದ್ದು ಅದೇ ಊರಿಗೆ, ಹಾಗಾಗಿ ಹೋಗಿ ಬಂದು ಇರುತ್ತದೆ. ಕಾಂಬೋಡಿಯಾದಿಂದ ಬಂದ ಮೇಲೆ ಸೋಲಾಪುರದ ಬೀಗರನ್ನು ಕರೆದುಕೊಂಡು ಹೋದೆ. ಕಾಶಿವಿಶ್ವೇಶ್ವರ ಗುಡಿಯಲ್ಲಿ ಶಿವನ ಎದುರಿಗೆ ಸೂರ್ಯನ ಗುಡಿ. ಬಾಗಿಲವಾಡದ ಮೇಲೆ ಒಂದರ ಪಕ್ಕ ಒಂದು ಪಟ್ಟಿ, ಪ್ರತಿ ಪಟ್ಟಿಯಲ್ಲೂ ಬೇರೆ ಬಳ್ಳಿ, ಬೇರೆ ಗೊಂಬೆ. ಬೆರಳ ತುದಿಯಷ್ಟು ಜಾಗವನ್ನೂ ಖಾಲಿ ಬಿಟ್ಟಿಲ್ಲ. ಕಂಬಗಳು ಚರಕಿಗೆ ಹಿಡಿದು ತಿರುಗಿಸಿದಷ್ಟು ನುಣುಪು. ಅಂಕೋರ್‌ನ ಕಲ್ಲಿಗಿಂತ ಇದು ನಯ, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಬೀಗರು, 'ಇದು ಯಾವ ದೇವರು? ಈ ಪಟ್ಟಿಯಲ್ಲಿ ಇರುವುದು ಏನು ಕಥೆ?' ಅಂತ ಕೇಳಿದರು. ನಾನು ಗೊತ್ತಿದ್ದಷ್ಟು ಹೇಳಿದೆ, ಅದು ಎರಡು ನಿಮಿಷಕ್ಕೆ ಮುಗಿಯಿತು. ಗುಡಿಯ ಹೊರಗಿನ ಫಲಕದಲ್ಲಿ ಕಾಲ, ಶೈಲಿ, ಅಳತೆ ಇದೆ. ಯಾವ ಗೊಂಬೆ ಯಾವುದು ಅಂತ ಇಲ್ಲ. ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಪುಣೆಯ ಕಡೆಯ ಒಂದು ಕುಟುಂಬ ಸಿಕ್ಕಿತು. ಹಂಪಿಗೆ ಹೊರಟವರು ನಡುವೆ ಇಳಿದಿದ್ದರು. ಗೋಡೆಯ ಗೂಡುಗಳ ಮುಂದೆ ಸೆಲ್ಫಿ ತೆಗೆದುಕೊಂಡರು, ಸುತ್ತ ನೋಡಿದರು, ಹೋದರು. ಪಾಪ, ಅವರ ತಪ್ಪೇನಿಲ್ಲ. ಹೇಳುವವರು ಯಾರಿದ್ದರು?

ನನ್ನ ಬೇಡಿಕೆ ಇಷ್ಟೇ. ಲಕ್ಕುಂಡಿಯ ಹುಡುಗ ಹುಡುಗಿಯರಿಗೇ ತರಬೇತಿ ಕೊಟ್ಟು, ಪರೀಕ್ಷೆ ಮಾಡಿ, ಬಿಲ್ಲೆ ಕೊಟ್ಟು ಗೈಡ್ ಮಾಡಿ. ಕಲಿಸುವವರಿಗೆ ಬರವೇ? ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇದೆ, ಅದರಲ್ಲೇ ಕನ್ನಡ ಸಂಶೋಧನಾ ಸಂಸ್ಥೆ ಇದೆ. ಲಕ್ಕುಂಡಿ ಜೊತೆಗೆ ಗದಗಿನ ತ್ರಿಕೂಟೇಶ್ವರ, ವೀರನಾರಾಯಣ ಮತ್ತು ಡಂಬಳದ ನಕ್ಷತ್ರಾಕಾರದ ದೊಡ್ಡಬಸಪ್ಪನ ಗುಡಿ ಸೇರಿಸಿದರೆ ಒಂದು ದಿನದ ತಿರುಗಾಟ ಆರಾಮಾಗಿ ಆಗುತ್ತದೆ. ಕನ್ನಡದ ಜೊತೆ ಹಿಂದಿ, ಮರಾಠಿ, ಇಂಗ್ಲಿಷ್ ಬಂದರೆ ಸಾಕು. ಗೈಡ್‌ನ ಫೀ ಎಷ್ಟು ಅಂತ ಗುಡಿಯ ಮುಂದೆ ಬರೆದು ಹಾಕಿ, ತಕರಾರೇ ಇರಲ್ಲ. ಲಕ್ಕುಂಡಿ ಉತ್ಸವಕ್ಕೆ ಹಾಕುವ ವೇದಿಕೆ, ದೀಪ, ಧ್ವನಿವರ್ಧಕದ ಖರ್ಚಿನಲ್ಲಿ ಒಂದಿಷ್ಟು ಇದಕ್ಕೆ ತೆಗೆದಿಟ್ಟರೂ ನಡೆಯುತ್ತದೆ. ಉತ್ಸವ ಬೇಡ ಅಂತಿಲ್ಲ. ನಾನೂ ಹೋಗಿ ಕೂತು ಹಾಡು ಕೇಳುವವನೇ. ಉಳಿದ ದಿನಗಳಲ್ಲಿ ಬಂದವರ ಗತಿಯೇನು ಅಂತ ಕೇಳುತ್ತಿದ್ದೇನೆ.

ಅಂಕೋರ್‌ನಿಂದ ಕಲಿಯಬಾರದ್ದೂ ಒಂದಿದೆ. ಆ ಗುಡಿಗಳ ನಡುವೆ ತಲೆತಲಾಂತರದಿಂದ ಹಳ್ಳಿಗಳಿವೆ. 2022ರಿಂದ ಅಲ್ಲಿಯ ಸರ್ಕಾರ ಸಾವಿರಾರು ಕುಟುಂಬಗಳನ್ನು ಸುಮಾರು 25 ಕಿಲೋಮೀಟರ್ ದೂರದ ರುನ್ ತಾ ಏಕ್ ಎಂಬ ಹೊಸ ಜಾಗಕ್ಕೆ ಸಾಗಿಸಿತು. ಜನ ತಾವಾಗಿಯೇ ಹೋದರು ಅಂತ ಸರ್ಕಾರ ಹೇಳುತ್ತದೆ. ಬಲವಂತ ನಡೆದಿದೆ ಅಂತ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಎಂಬ ಮಾನವ ಹಕ್ಕುಗಳ ಸಂಸ್ಥೆ 2023ರಲ್ಲಿ ವರದಿ ಮಾಡಿತು. ನಮಗೆ ಅಷ್ಟು ದೂರ ಯಾಕೆ, 2011ರಲ್ಲಿ ಹಂಪಿ ಬಜಾರಿನ ಮನೆ, ಅಂಗಡಿಗಳನ್ನು ಕೆಡವಿದ್ದು ಎಲ್ಲರಿಗೂ ನೆನಪಿದೆ. ಲಕ್ಕುಂಡಿಯಲ್ಲೂ ಮನೆಯ ಹಿತ್ತಲಲ್ಲೇ ಗುಡಿ, ಬಾಗಿಲಲ್ಲೇ ಬಾವಿ. ಅಭಿವೃದ್ಧಿ ಮಾತು ಬಂದಾಗಲೆಲ್ಲ ನಮ್ಮ ಅಕ್ಕ, 'ನಮ್ಮನ್ನ ಎಬ್ಬಸ್ತಾರೇನೋ ತಮ್ಮಾ' ಅಂತ ಕೇಳುತ್ತಾಳೆ. ಊರಿನವರಿಗೆ ಗುಡಿಯಿಂದ ನಾಲ್ಕು ಕಾಸು ಬಂದರೆ ಅವರೇ ಅದನ್ನು ಕಾಯುತ್ತಾರೆ. ಗುಡಿಯಿಂದ ಮನೆಯೇ ಹೋಗುತ್ತದೆ ಅನ್ನುವ ಹೆದರಿಕೆ ಇದ್ದರೆ, ನೆಲ ಅಗೆಯುವಾಗ ಸಿಕ್ಕ ಕಲ್ಲನ್ನು ಯಾರು ತಾನೇ ಬಂದು ತೋರಿಸುತ್ತಾರೆ?

ಅಕ್ಕನ ಮೊಮ್ಮಗ ಪಿಯುಸಿ ಮುಗಿಸಿ ಗದಗಿನಲ್ಲಿ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಮಾತಿನಮಲ್ಲ. ಊರಿನ ಯಾವ ಬಾವಿಗೆ ಎಷ್ಟು ಮೆಟ್ಟಿಲು ಅಂತ ಬಾಯಿಪಾಠ ಹೇಳುತ್ತಾನೆ. ತರಬೇತಿ ಶುರುವಾಗುವುದಾದರೆ ಎಲ್ಲಿ, ಯಾರಿಗೆ ಅರ್ಜಿ ಹಾಕಬೇಕು ಅಂತ ಸಂಬಂಧಪಟ್ಟವರು ನಿಮ್ಮ ಪತ್ರಿಕೆಯಲ್ಲೇ ತಿಳಿಸಲಿ. ಮೊದಲ ಅರ್ಜಿ ಅವನದೇ.

ಇಂತಿ,
ಬೆಟಗೇರಿಯ ಒಬ್ಬ ಸೀರೆ ವ್ಯಾಪಾರಿ
ಗದಗ